ಏಪ್ರಿಲ್‌ನಲ್ಲಿ ಹೋಗಬೇಡಿ ಎಂದು ಬರೆದವರು ನಾವೇ

ಮಾನ್ಯ ಸಂಪಾದಕರಿಗೆ ನಮಸ್ಕಾರ. ನಿಮ್ಮ ಪ್ರವಾಸ ವಿಶೇಷಾಂಕದಲ್ಲಿ ‘ಥಾಯ್ಲೆಂಡಿಗೆ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ, ಏಪ್ರಿಲ್‌ನಲ್ಲಿ ಮಾತ್ರ ಬೇಡ’ ಎಂದು ಬರೆದಿದ್ದೀರಿ. ನಮ್ಮ ಮಗಳು, ಅಳಿಯ ಬ್ಯಾಂಕಾಕ್‌ನಲ್ಲಿದ್ದಾರೆ. ಅವರಿಗೆ ರಜೆ ಸಿಗುವುದೇ ಏಪ್ರಿಲ್‌ನ ಸೊಂಗ್‌ಕ್ರಾನ್ ಹಬ್ಬಕ್ಕೆ. ಟಿಕೆಟ್ಟನ್ನೂ ಕಳಿಸಿಯಾಗಿದೆ. ನನಗೆ 66, ಯಜಮಾನರಿಗೆ 71. ಅವರಿಗೆ ರಕ್ತದೊತ್ತಡದ ಜೊತೆ ಸ್ವಲ್ಪ ದಮ್ಮು. ಹಬ್ಬದ ವಿಡಿಯೊ ನೋಡಿದರೆ ಹುಡುಗರು ಬೀದಿಯಲ್ಲಿ ನೀರು ಎರಚಿಕೊಂಡು ಕುಣಿಯುವುದೇ ಕಾಣುತ್ತದೆ. ಅಳಿಯ ಚಿಯಾಂಗ್ ಮಾಯ್‌ಗೂ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ನಾವು ಶುದ್ಧ ಸಸ್ಯಾಹಾರಿಗಳು. ಊರಿನ ಜಾತ್ರೆಯೂ ತಪ್ಪುತ್ತದೆ. ಹೋಗಬಹುದೇ, ಬೇಡವೇ? ನೇರವಾಗಿ ಹೇಳಿ.
– ಪುತ್ತೂರಿನ ಓದುಗರೊಬ್ಬರು (ಹೆಸರು ಬೇಡ ಎಂದಿದ್ದಾರೆ)

ಅಮ್ಮಾ,

ನೇರವಾಗಿಯೇ ಹೇಳುತ್ತೇನೆ: ಬ್ಯಾಂಕಾಕ್‌ಗೆ ಹೋಗಿ. ಉತ್ತರದ ಚಿಯಾಂಗ್ ಮಾಯ್ ಈ ಸಲ ಬೇಡ. ಕಾರಣ ಮುಂದೆ ಇದೆ.

ಅದಕ್ಕೂ ಮೊದಲು ತಪ್ಪೊಪ್ಪಿಗೆ. ಆ ಸಾಲು ನನ್ನ ಕಣ್ಣೆದುರೇ ಅಚ್ಚಿಗೆ ಹೋಯಿತು. ಪ್ರವಾಸ ಲೇಖನಗಳಲ್ಲಿ ‘ಸೂಕ್ತ ಸಮಯ’ ಎಂಬ ಚೌಕವೊಂದಿರುತ್ತದಲ್ಲ, ಅದನ್ನು ಯೋಚಿಸಿ ಬರೆಯುವವರು ಕಡಿಮೆ. ಹಿಂದಿನವರು ಬರೆದದ್ದನ್ನು ಇಳಿಸಿಕೊಂಡರೆ ಕೆಲಸ ಮುಗಿಯಿತು. ಅದೇ ಚೌಕದ ಲೆಕ್ಕ ಹಿಡಿದರೆ ಏಪ್ರಿಲ್‌ನಲ್ಲಿ ನಿಮ್ಮ ಪುತ್ತೂರಿಗೂ ಯಾರೂ ಬರಬಾರದು. ಆದರೆ ಮಹಾಲಿಂಗೇಶ್ವರನ ಜಾತ್ರೆ ನಡೆಯುವುದೇ ಏಪ್ರಿಲ್ 10ರಿಂದ. 17ರ ರಾತ್ರಿ ಬೆಡಿ (ಸಿಡಿಮದ್ದು) ನೋಡಲು ಜನ ಸೇರುವಾಗ ಸೆಕೆ ಎಂದು ಮನೆಯಲ್ಲಿ ಕುಳಿತವರನ್ನು ನೀವು ಕಂಡಿದ್ದೀರಾ? ಊರಿನ ಒಳ್ಳೆಯ ದಿನವೂ ಪ್ರವಾಸಿಯ ಒಳ್ಳೆಯ ದಿನವೂ ಬೇರೆಬೇರೆ. ನೀವು ಹೋಗುತ್ತಿರುವುದು ಮಗಳ ಮನೆಗೆ, ಹೋಟೆಲಿಗಲ್ಲ. ಆದ್ದರಿಂದ ಊರಿನ ಪಂಚಾಂಗವೇ ನಿಮಗೆ ಅನ್ವಯ.

ಈಗ ಸೆಕೆಯ ವಿಚಾರ. ಪುತ್ತೂರಿಗೂ ಬ್ಯಾಂಕಾಕ್‌ಗೂ ಅಕ್ಷಾಂಶದಲ್ಲಿ ಒಂದು ಡಿಗ್ರಿಯಷ್ಟೇ ವ್ಯತ್ಯಾಸ. ಏಪ್ರಿಲ್ ಕೊನೆಯ ವಾರ ಸೂರ್ಯ ಎರಡೂ ಊರುಗಳ ನೆತ್ತಿಯ ಮೇಲೆ ಬರುತ್ತಾನೆ. ಬ್ಯಾಂಕಾಕ್‌ನಲ್ಲಿ ಆ ತಿಂಗಳು ಹಗಲು ಸಾಮಾನ್ಯವಾಗಿ 35–36 ಡಿಗ್ರಿ, ಕೆಲವು ದಿನ ಇನ್ನೂ ಹೆಚ್ಚು. ರಾತ್ರಿ 26–27ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ನಲವತ್ತು ದಾಟುವುದು ಹೆಚ್ಚಾಗಿ ಉತ್ತರದ ಮತ್ತು ಒಳನಾಡಿನ ಊರುಗಳಲ್ಲಿ. ಮೇ ಹಾಂಗ್ ಸಾನ್ ಎಂಬ ಬೆಟ್ಟದ ಸೀಮೆಯ ಊರಿನಲ್ಲಿ 2016ರ ಏಪ್ರಿಲ್ 28ರಂದು 44.6 ಡಿಗ್ರಿ ದಾಖಲಾಗಿತ್ತು. ಬ್ಯಾಂಕಾಕ್‌ನ ಕಷ್ಟ ಬಿಸಿಲಿಗಿಂತ ಬೆವರಿನದು. ಇದು ನಿಮಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ನಾನು ರಾಯಚೂರಿನವನು. ಬಿಸಿಲನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬದಲ್ಲಿ, ಬ್ಯಾಂಕಾಕ್ ಅರಮನೆಯಿಂದ ವಾಟ್ ಪೋ ದೇವಾಲಯಕ್ಕೆ ಮಟಮಟ ಮಧ್ಯಾಹ್ನ ನಡೆದು ಹೊರಟೆ. ದೂರವೇನೂ ಇಲ್ಲ. ನಮ್ಮ ಕಡೆ ಬೆವರು ಬಂದ ಹಾಗೆಯೇ ಆರುತ್ತದೆ, ಮೈ ತಣ್ಣಗಾಗುತ್ತದೆ. ಅಲ್ಲಿ ಆರುವುದೇ ಇಲ್ಲ. ಅಂಗಿ ಒದ್ದೆ, ಮೈ ಮಾತ್ರ ಕಾದ ಹಂಚು. ಗೋಡೆಯ ನೆರಳಲ್ಲಿ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟೆ. ಹಣ್ಣು ಮಾರುವ ಮುದುಕಿಯೊಬ್ಬಳು ನನ್ನ ಕತ್ತಿನ ಹಿಂದೆ ತಣ್ಣೀರು ಸುರಿದು, ಉಪ್ಪು ಹಾಕಿದ ನಿಂಬೆಯ ಪಾನಕ ಕುಡಿಸಿ, ನನಗೆ ಅರ್ಥವಾಗದ ಭಾಷೆಯಲ್ಲಿ ಚೆನ್ನಾಗಿ ಬೈದಳು. ಬೈಗುಳ ಯಾವ ಭಾಷೆಯದಾದರೂ ಅರ್ಥವಾಗುತ್ತದೆ.

ಆಮೇಲೆ ತಿಳಿದದ್ದು, ನಾನು ತಲುಪಬೇಕೆಂದಿದ್ದ ಆ ವಾಟ್ ಪೋದ ಶಿಲಾಫಲಕಗಳಲ್ಲೇ ಸೊಂಗ್‌ಕ್ರಾನ್ ಹಬ್ಬದ ಕಥೆ ಕೆತ್ತಿದೆ ಎಂದು. ಆ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ.

ಧರ್ಮಪಾಲ ಕುಮಾರನೆಂಬ ಬಾಲಕನಿಗೆ ಹಕ್ಕಿಗಳ ಭಾಷೆ ಬರುತ್ತಿತ್ತು. ಅವನ ಜಾಣತನದ ಸುದ್ದಿ ಕೇಳಿ ಕಪಿಲ ಬ್ರಹ್ಮ (ಅವರ ಬಾಯಲ್ಲಿ ಕಬಿನ್ ಪ್ರೋಮ್) ಇಳಿದು ಬಂದು ಒಗಟು ಹಾಕಿದ: ಮನುಷ್ಯನ ಕಳೆ ಬೆಳಿಗ್ಗೆ ಎಲ್ಲಿರುತ್ತದೆ, ಮಧ್ಯಾಹ್ನ ಎಲ್ಲಿರುತ್ತದೆ, ರಾತ್ರಿ ಎಲ್ಲಿರುತ್ತದೆ? ಏಳು ದಿನದ ಗಡುವು. ಸೋತವನ ತಲೆ ಗೆದ್ದವನಿಗೆ. ಆರು ದಿನ ಕಳೆದರೂ ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಊರು ಬಿಟ್ಟು ತಾಳೆ ಮರದ ಕೆಳಗೆ ಬಿದ್ದುಕೊಂಡಿದ್ದಾಗ ಮರದ ಮೇಲಿನ ಹೆಣ್ಣು ಹದ್ದು ಗಂಡನನ್ನು ಕೇಳಿತು: ನಾಳೆ ಊಟಕ್ಕೆ ಏನು? ಗಂಡು ಹೇಳಿತು: ಆ ಹುಡುಗನದೇ ಮಾಂಸ, ಅವನಿಗೆ ಉತ್ತರ ಗೊತ್ತಿಲ್ಲ. ಉತ್ತರವೇನು ಎಂದಿತು ಹೆಣ್ಣು. ಬೆಳಿಗ್ಗೆ ಕಳೆ ಮುಖದಲ್ಲಿರುತ್ತದೆ, ಅದಕ್ಕೇ ಜನ ಎದ್ದೊಡನೆ ಮುಖ ತೊಳೆಯುತ್ತಾರೆ. ಮಧ್ಯಾಹ್ನ ಎದೆಯಲ್ಲಿ, ಅದಕ್ಕೇ ಎದೆಗೆ ಗಂಧ ಹಚ್ಚುತ್ತಾರೆ. ರಾತ್ರಿ ಪಾದದಲ್ಲಿ, ಅದಕ್ಕೇ ಕಾಲು ತೊಳೆದು ಮಲಗುತ್ತಾರೆ.

ಹುಡುಗ ಗೆದ್ದ. ಮಾತು ಕೊಟ್ಟಿದ್ದ ಬ್ರಹ್ಮ ತಲೆ ಕೊಡಬೇಕಾಯಿತು. ಆದರೆ ಆ ತಲೆ ನೆಲಕ್ಕೆ ತಾಕಿದರೆ ಲೋಕ ಹೊತ್ತಿ ಉರಿಯುತ್ತದೆ, ಗಾಳಿಗೆ ಎಸೆದರೆ ಮಳೆ ನಿಲ್ಲುತ್ತದೆ, ಕಡಲಿಗೆ ಹಾಕಿದರೆ ಕಡಲು ಬತ್ತುತ್ತದೆ. ಅದಕ್ಕಾಗಿ ಅವನ ಏಳು ಹೆಣ್ಣುಮಕ್ಕಳು ಅದನ್ನು ತಟ್ಟೆಯಲ್ಲಿ ಹಿಡಿದು, ಮೇರು ಪರ್ವತವನ್ನು ಸುತ್ತಿ, ಕೈಲಾಸದ ಗುಹೆಯಲ್ಲಿಟ್ಟರು. ವರ್ಷಕ್ಕೊಬ್ಬಳು ಅದನ್ನು ಹೊರಗೆ ತಂದು ಮೆರವಣಿಗೆ ಮಾಡುತ್ತಾಳೆ. ಸಂಕ್ರಮಣ ಯಾವ ವಾರ ಬೀಳುತ್ತದೋ ಆ ವಾರದ ಮಗಳ ಸರದಿ. ಆ ವರ್ಷಕ್ಕೆ ಅವಳೇ ‘ನಾಂಗ್ ಸೊಂಗ್‌ಕ್ರಾನ್’. ನೆಲಕ್ಕಿಟ್ಟರೆ ಬೆಂಕಿ, ಗಾಳಿಗೆಸೆದರೆ ಬರ. ಏಪ್ರಿಲ್‌ನ ಸೂರ್ಯನನ್ನು ಮೈಯಲ್ಲಿ ಅನುಭವಿಸಿದವರಲ್ಲದೆ ಬೇರೆ ಯಾರೂ ಈ ಕಥೆ ಕಟ್ಟಲಾರರು ಎಂದು ನನಗನ್ನಿಸುತ್ತದೆ. ಸೆಕೆಗಾಲದಲ್ಲಿ ದಿನ ಕಳೆಯುವ ಕ್ರಮವನ್ನೂ ಆ ಹದ್ದೇ ಹೇಳಿಬಿಟ್ಟಿದೆ ನೋಡಿ. ಓಡಾಟವೆಲ್ಲ ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ಮಧ್ಯಾಹ್ನ ಮನೆಯೊಳಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಒರಗಿ. ಸಂಜೆ ಮತ್ತೆ ಹೊರಡಿ, ಬಂದು ಕಾಲು ತೊಳೆದು ಮಲಗಿ. ಯಜಮಾನರ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಹೊರಡುವ ಮುನ್ನ ವೈದ್ಯರಲ್ಲಿ ಕೇಳಿಕೊಳ್ಳಿ. ಸೆಕೆಯಲ್ಲಿ ಯಾರಾದರೂ ತೊದಲಿದರೆ, ಗೊಂದಲಕ್ಕೆ ಬಿದ್ದರೆ ಪಾನಕ ಮಾಡುತ್ತಾ ಕೂರಬೇಡಿ. ಮೈಗೆ ನೀರು ಹಾಕುತ್ತಾ ನೇರ ಆಸ್ಪತ್ರೆಗೆ ಒಯ್ಯಿರಿ. ಒಂದು ಶಾಲು ಕೈಯಲ್ಲಿರಲಿ. ತಮಾಷೆಯಲ್ಲ, ಅಲ್ಲಿನ ರೈಲು ಮತ್ತು ಮಾಲ್‌ಗಳ ಒಳಗೆ ನಡುಕ ಬರುವಷ್ಟು ತಣ್ಣಗಿರುತ್ತದೆ.

ಸೊಂಗ್‌ಕ್ರಾನ್ ಎಂಬುದು ನಮ್ಮ ಸಂಕ್ರಾಂತಿಯೇ. ಎಳ್ಳುಬೆಲ್ಲದ ಮಕರ ಸಂಕ್ರಾಂತಿಯಲ್ಲ, ಸೂರ್ಯ ಮೇಷಕ್ಕೆ ಕಾಲಿಡುವ ಸಂಕ್ರಮಣ. ಏಪ್ರಿಲ್ ತಿಂಗಳಿಗೆ ಅವರು ‘ಮೇಸಾಯೊನ್’ ಎನ್ನುತ್ತಾರೆ. ಒಳಗೆ ಮೇಷ ಅಡಗಿ ಕುಳಿತಿದ್ದಾನೆ. ಕರಾವಳಿಯ ಹೊಸವರ್ಷವಾದ ಬಿಸುವಿಗೆ ನೀವು ಅಕ್ಕಿ, ಹಣ್ಣು, ಹೂವು, ಕನ್ನಡಿ ಜೋಡಿಸಿ ಕಣಿ ಇಡುವುದೂ ಇದೇ ಸಂಕ್ರಮಣಕ್ಕೆ. ಲಾವೋಸ್, ಕಾಂಬೋಡಿಯ, ಮ್ಯಾನ್ಮಾರ್, ಶ್ರೀಲಂಕಾಗಳಲ್ಲೂ ಇದೇ ದಿನಗಳಲ್ಲಿ ಹೊಸವರ್ಷ. ಥಾಯ್ಲೆಂಡಿನಲ್ಲಿ 1941ರಿಂದ ಸರ್ಕಾರಿ ಹೊಸವರ್ಷ ಜನವರಿ 1ಕ್ಕೆ ಹೋಯಿತು. ಜನರ ಹೊಸವರ್ಷ ಮಾತ್ರ ಏಪ್ರಿಲ್ 13ರಿಂದ 15ರವರೆಗೆ, ಇದ್ದಲ್ಲೇ ಇದೆ. 2023ರಲ್ಲಿ ಯುನೆಸ್ಕೊ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನೀವು ನೋಡಿದ ವಿಡಿಯೊ ಸುಳ್ಳಲ್ಲ. ಬ್ಯಾಂಕಾಕ್‌ನ ಖಾವೊ ಸಾನ್ ಬೀದಿ, ಸೀಲೋಮ್ ರಸ್ತೆ ಹಾಗೆಯೇ ಇರುತ್ತವೆ: ನೀರಿನ ಬಂದೂಕು, ಮಂಜುಗಡ್ಡೆಯ ನೀರು, ಕೆನ್ನೆಗೆ ಬಳಿಯುವ ಬಿಳಿ ಸುಣ್ಣಮಣ್ಣಿನ ಲೇಪ, ಕಿವಿ ಹರಿಯುವ ಹಾಡು. ಮೊಮ್ಮಗನಿದ್ದರೆ ಅವನು ಇದನ್ನು ಬಿಟ್ಟು ಬೇರೇನೂ ಕೇಳುವುದಿಲ್ಲ. ಅವನಿಗೆ ಮಗಳ ಮನೆಯ ಓಣಿಯಲ್ಲಿ ಒಂದು ಬಕೆಟ್ಟು ನೀರು ಸಾಕು. ನಿಮಗೂ ನೋಡುವ ಆಸೆಯಿದ್ದರೆ ಸಂಜೆ ಸಾಲಾ ಡೇಂಗ್ ರೈಲು ನಿಲ್ದಾಣದ ಮೇಲಿನಿಂದ ಸೀಲೋಮ್ ರಸ್ತೆಯನ್ನು ನೋಡಿ. ಜಾತ್ರೆಯ ಜನವನ್ನು ಮಹಡಿಯಿಂದ ನೋಡಿದ ಹಾಗೆ.

ಆದರೆ ಏಪ್ರಿಲ್ 13 ಅಲ್ಲಿ ಹಿರಿಯರ ದಿನ, 14 ಕುಟುಂಬದ ದಿನ ಎಂಬುದನ್ನು ಯಾವ ವಿಡಿಯೊವೂ ಹೇಳುವುದಿಲ್ಲ. ರಾಜಧಾನಿಯಲ್ಲಿ ದುಡಿಯುವವರು ಬಸ್ಸು, ರೈಲು ತುಂಬಿಕೊಂಡು ಹಳ್ಳಿಗೆ ಹೊರಡುವುದು ಇದಕ್ಕಾಗಿ. ಮಲ್ಲಿಗೆ ಹಾಕಿದ ಪರಿಮಳದ ನೀರನ್ನು ಬೆಳ್ಳಿಯ ಬಟ್ಟಲಲ್ಲಿ ತಂದು, ಅಪ್ಪ ಅಮ್ಮ, ಅಜ್ಜ ಅಜ್ಜಿಯರ ಅಂಗೈಗೆ ಹನಿಹನಿಯಾಗಿ ಎರೆಯುತ್ತಾರೆ. ವರ್ಷದಲ್ಲಿ ಆದ ತಪ್ಪಿಗೆ ಕ್ಷಮೆ ಕೇಳುತ್ತಾರೆ, ಹಿರಿಯರು ಹರಸುತ್ತಾರೆ. ಎರಚಾಟಕ್ಕೆ ಮೂಲ ಈ ಹನಿ. ಬೆಳಿಗ್ಗೆ ದೇವಾಲಯಕ್ಕೆ ಹೋದರೆ ಬುದ್ಧನ ಮೂರ್ತಿಗೂ ಇದೇ ನೀರು. ತಲೆಯ ಮೇಲೆ ಸುರಿಯಬೇಡಿ, ಭುಜದ ಮೇಲೆ ಎರೆಯಿರಿ. ಅಂಗಳದಲ್ಲಿ ಮರಳಿನ ಪುಟ್ಟ ಗೋಪುರಗಳು ಕಾಣಿಸುತ್ತವೆ. ವರ್ಷವಿಡೀ ಕಾಲಿಗೆ ಅಂಟಿ ಹೊರಗೆ ಹೋದ ದೇವಾಲಯದ ಮರಳನ್ನು ಜನ ಹಿಂದಿರುಗಿಸುವ ರೀತಿ ಅದು. ದೇವರ ಸೊತ್ತು ಹಿಡಿ ಮಣ್ಣಾದರೂ ಮನೆಯಲ್ಲಿ ಉಳಿಯಬಾರದೆಂಬ ಈ ಭಯವನ್ನು ನಿಮಗೆ ನಾನು ವಿವರಿಸಬೇಕಿಲ್ಲ. ಎದುರಾದವರಿಗೆ ಕೈಮುಗಿದು ‘ಸವತ್‌ದೀ ಪೀ ಮೈ’ ಎನ್ನಿ. ಹೊಸವರ್ಷದ ಶುಭಾಶಯ ಎಂದರ್ಥ. ಮೊದಲ ಪದ ನಮ್ಮ ಸ್ವಸ್ತಿಯೇ.

ಚಿಯಾಂಗ್ ಮಾಯ್ ಯಾಕೆ ಬೇಡ? ಹಬ್ಬದ ಸೊಗಸು ಅಲ್ಲೇ ಹೆಚ್ಚು ಎಂದು ನಿಮ್ಮ ಅಳಿಯ ಹೇಳಿದ್ದರೆ ಅವರು ಸರಿ. ಹಳೆಯ ಊರಿನ ಸುತ್ತ ಚೌಕದ ಕಂದಕ, ಅದರ ನೀರನ್ನೇ ಮೊಗೆದು ಎರಚುವ ಜನ, ವಾಟ್ ಪ್ರ ಸಿಂಗ್‌ನಿಂದ ಹೊರಡುವ ಬುದ್ಧನ ಮೆರವಣಿಗೆ, ಎಲ್ಲವೂ ಚೆಂದ. ಆದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಆ ಸೀಮೆಯಲ್ಲಿ ಕೂಳೆ ಸುಡುತ್ತಾರೆ, ಕಾಡಿಗೆ ಬೆಂಕಿ ಬೀಳುತ್ತದೆ, ಗಡಿಯಾಚೆಯ ಹೊಗೆಯೂ ಸೇರುತ್ತದೆ; ಬೆಟ್ಟಗಳ ನಡುವಿನ ಬೋಗುಣಿಯಂಥ ಊರಿನಲ್ಲಿ ಅದು ಕದಲದೆ ನಿಲ್ಲುತ್ತದೆ. ನಾನು ಹೋದ ವರ್ಷ ಊರಿನ ಬೆನ್ನಿಗೇ ಇರುವ ದೋಯ್ ಸುತೇಪ್ ಬೆಟ್ಟ ಎರಡು ದಿನ ಕಣ್ಣಿಗೇ ಬೀಳಲಿಲ್ಲ. ದಮ್ಮು ಇರುವವರನ್ನು ಆ ಗಾಳಿಗೆ ಕರೆದೊಯ್ಯುವುದು ಪ್ರೀತಿಯಲ್ಲ. ಇದನ್ನು ಅಳಿಯನಿಗೆ ಹೇಳಲು ಸಂಕೋಚವಾದರೆ ಈ ಪುಟವನ್ನೇ ಕಳಿಸಿ, ಬೈಗುಳ ನನಗಿರಲಿ. ಇನ್ನೊಂದು ಕಾರಣ ರಸ್ತೆ. ಹಬ್ಬದ ಆಸುಪಾಸಿನ ಏಳು ದಿನಗಳಿಗೆ ಅಲ್ಲಿ ‘ಅಪಾಯದ ಏಳು ದಿನ’ ಎಂದೇ ಹೆಸರು. ಕುಡಿತ ಮತ್ತು ವೇಗದಿಂದ ಆ ವಾರದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸಾಯುವುದು ಪ್ರತಿ ವರ್ಷದ ಸುದ್ದಿ, ಅವರಲ್ಲಿ ಬೈಕಿನವರೇ ಹೆಚ್ಚು. ದೂರದ ಪಯಣ ಬೇಡ, ಬೈಕ್ ಟ್ಯಾಕ್ಸಿಯಂತೂ ಬೇಡವೇ ಬೇಡ. ಊರು ಬಿಟ್ಟು ಜನ ಹೋದ ಬ್ಯಾಂಕಾಕ್ ಆ ಮೂರು ದಿನ ಬೆಳಗಿನ ಹೊತ್ತು ಎಷ್ಟು ನಿರಾಳವಾಗಿರುತ್ತದೆ ಎಂದರೆ, ಮಗಳಿಗೇ ಆಶ್ಚರ್ಯವಾದೀತು.

ಊಟದ ವಿಷಯಕ್ಕೆ ಒಂದೇ ಪದ ಕಲಿಯಿರಿ: ‘ಜೇ’. ಹಳದಿ ಫಲಕದಲ್ಲಿ ಕೆಂಪು ಅಕ್ಷರ. ಮಾಂಸ, ಮೀನಿನ ಸಾರವಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಅದರಲ್ಲಿಲ್ಲ. ನಮ್ಮ ಮಠದ ಅಡುಗೆಮನೆಯೂ ಒಪ್ಪುವಂಥದು. ಬರೇ ‘ತರಕಾರಿ’ ಎಂದರೆ ಮೀನಿನ ಸಾಸ್ ಬಂದೇ ಬರುತ್ತದೆ, ಪಪ್ಪಾಯಿಯ ಸೋಮ್ ತಾಮ್‌ನಲ್ಲಿ ಒಣ ಸಿಗಡಿ ಇರುತ್ತದೆ. ಅಂಟಕ್ಕಿಯ ಅನ್ನಕ್ಕೆ ತೆಂಗಿನ ಹಾಲು, ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಮಾವಿನ ಹೋಳಿನೊಂದಿಗೆ ಕೊಡುವ ಸಿಹಿಗೆ ಅಂಥ ಭಯವಿಲ್ಲ, ಏಪ್ರಿಲ್ ಅದರ ಕಾಲವೂ ಹೌದು. ಈ ಸೆಕೆಗೆಂದೇ ಇರುವ ಊಟ ‘ಖಾವೊ ಚೆ’: ಮಲ್ಲಿಗೆಯ ನೀರು, ಮಂಜುಗಡ್ಡೆ, ಅದರಲ್ಲಿ ಮುಳುಗಿದ ಅನ್ನ. ಆ ಸೀಮೆಯ ಹಳೆಯ ಜನಾಂಗವಾದ ಮೋನ್ ಜನರಿಂದ ಬಂದದ್ದಂತೆ. ಅದರ ಜೊತೆಗೆ ಬಡಿಸುವ ನಂಜಿಕೆಗಳು ನಿಮಗಲ್ಲ. ಮನೆಯಲ್ಲೇ ಮಾಡಿಸಿ, ಊರಿನಿಂದ ಒಯ್ದ ಬಾಳಕದ ಮೆಣಸು, ಮಾವಿನ ಮಿಡಿ ಉಪ್ಪಿನಕಾಯಿ ಜೊತೆ ತಿಂದು ನೋಡಿ. ಗಂಜಿಯೂಟದವರಿಗೆ ಅದು ಹೊಸದೇನೂ ಅಲ್ಲ.

ಕಾಗದಪತ್ರದ ಮಾತು ಚಿಕ್ಕದು. 2025ರ ಮೇ ತಿಂಗಳಿನಿಂದ ಅಲ್ಲಿಗೆ ಹೋಗುವವರೆಲ್ಲ ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಅಂತರ್ಜಾಲದಲ್ಲಿ ಆಗಮನ ಚೀಟಿ ತುಂಬಬೇಕು. ಸರ್ಕಾರದ ತಾಣದಲ್ಲಿ ಅದಕ್ಕೆ ಹಣವಿಲ್ಲ. ಹಣ ಕೇಳಿದರೆ ತಾಣ ಬೇರೆ ಎಂದು ತಿಳಿಯಿರಿ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಮಗಳೇ ರಾಯಭಾರ ಕಚೇರಿಯ ಪ್ರಕಟಣೆ ನೋಡಲಿ.

ಇನ್ನು ಜಾತ್ರೆ. 16ಕ್ಕೆ ಹೊರಟು 17ರ ಬೆಡಿಗೆ ಪುತ್ತೂರು ಸೇರಬಹುದೆಂದು ಯಜಮಾನರು ಲೆಕ್ಕ ಹಾಕುತ್ತಿರಬಹುದು. ಬೇಡ, ಎಪ್ಪತ್ತೊಂದರಲ್ಲಿ ಆ ಓಟ ಒಳ್ಳೆಯದಲ್ಲ. ಬದಲಿಗೆ ಬಿಸು ಕಣಿಯನ್ನು ಮಗಳ ಮನೆಯಲ್ಲೇ ಇಡಿ. ಅಕ್ಕಿ, ತೆಂಗಿನಕಾಯಿ, ಮಾವು, ವೀಳ್ಯದೆಲೆ ಅಲ್ಲಿನ ಸಂತೆಯಲ್ಲಿ ಸಿಗುತ್ತವೆ. ಕನ್ನಡಿಯನ್ನು ಮಗಳು ಕೊಡುತ್ತಾಳೆ. ಹೂವಿಗೆ ಅಲೆಯಬೇಕಾಗಿಯೇ ಇಲ್ಲ: ನಮ್ಮ ಕಕ್ಕೆ ಮರವೇ ಅಲ್ಲಿ ‘ರಾಚಪ್ರುಕ್’, ರಾಜವೃಕ್ಷ. ಅದರ ಹೂವು ಅವರ ರಾಷ್ಟ್ರಪುಷ್ಪ. ನೀವು ಇಳಿಯುವ ವಾರ ರಸ್ತೆಯ ಬದಿಯಲ್ಲಿ ಅದು ಗೊಂಚಲು ಗೊಂಚಲಾಗಿ ಹಳದಿ ಸುರಿಸುತ್ತಿರುತ್ತದೆ. ಕೊಂಬೆ ಮುರಿಯಬೇಡಿ, ಕೆಳಗೆ ಬಿದ್ದದ್ದನ್ನು ಆರಿಸಿಕೊಳ್ಳಿ.

– ಸಂಪಾದಕ