ಮಾವನನ್ನು ಏಳನೇ ಪುಟದಲ್ಲಿ ಅಡಗಿಸಬೇಡಿ

ಪ್ರಿಯರೇ,

ನೀವು ಕಳಿಸಿದ ಲೇಖನ ‘ಹೃದಯ, ಮೂತ್ರಪಿಂಡಗಳ ಅವಿನಾಭಾವ ಸಂಬಂಧ’ ಓದಿದೆ. ಎರಡು ಸಲ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಕಾಗದ.

ಮೊದಲು ತಪ್ಪು. ‘ಹೃದಯದ ನಾಳ ಕಟ್ಟಿದರೆ ಕಿಡ್ನಿಗೆ ರಕ್ತ ಹೋಗುವ ದಾರಿ ಮುಚ್ಚುತ್ತದೆ’ ಎಂದಿದ್ದೀರಿ. ಹಾಗಲ್ಲ. ನೀವು ಹೇಳುವ ಹೃದಯದ ನಾಳಗಳು, ಅಂದರೆ ಕೊರೊನರಿ, ರಕ್ತ ಕೊಡುವುದು ಹೃದಯದ ಸ್ನಾಯುವಿಗೆ ಮಾತ್ರ. ಕಿಡ್ನಿಯ ನಾಳ ಹೊಟ್ಟೆಯಲ್ಲಿ ಬೇರೆಯೇ ಕವಲೊಡೆಯುತ್ತದೆ. ನಿಮ್ಮ ತೋಟದ ಪಂಪನ್ನೇ ನೋಡಿ. ಕೊರೊನರಿ ಅಂದರೆ ಮೋಟಾರಿಗೆ ಕರೆಂಟು ತರುವ ವಯರು, ಅಡಿಕೆ ಬುಡಕ್ಕೆ ಹೋಗುವ ಪೈಪಲ್ಲ. ವಯರು ಕೆಟ್ಟರೆ ಮೋಟಾರು ಸೋಲುತ್ತದೆ, ಆಮೇಲೆ ತೋಟಕ್ಕೆ ನೀರು ಕಡಿಮೆ. ಕಿಡ್ನಿಗಳು ಎರಡೂ ಸೇರಿ ಸುಮಾರು 300 ಗ್ರಾಂ. ಆದರೂ ಹೃದಯ ತಳ್ಳುವ ರಕ್ತದಲ್ಲಿ ಐದರಲ್ಲೊಂದು ಪಾಲು, ನಿಮಿಷಕ್ಕೆ ಒಂದು ಲೀಟರಿನಷ್ಟು, ಅವಕ್ಕೇ ಬೇಕು. ಹೃದಯ ತನಗೆಂದು ಇಟ್ಟುಕೊಳ್ಳುವುದು ಬರೀ ಕಾಲು ಲೀಟರು! ಈ ಲೆಕ್ಕ ನಿಮ್ಮಲ್ಲಿಲ್ಲ. ‘ದೇಹದ ಅರಸ’, ‘ಮೌನ ಸೇವಕ’ ಇದ್ದಾರೆ. ಇಬ್ಬರನ್ನೂ ಮನೆಗೆ ಕಳಿಸಿ.

ಕಿಡ್ನಿ ಸೋತರೆ ಹೃದಯಕ್ಕೇನಾಗುತ್ತದೆ? ಅದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಕುತೂಹಲ ಇರುವುದೇ ಅಲ್ಲಿ. ಬಿ.ಪಿ. ಏರುತ್ತದೆ, ಉಪ್ಪೂ ನೀರೂ ಮೈಯಲ್ಲೇ ನಿಲ್ಲುತ್ತವೆ, ರಕ್ತದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿಯಾಗಿ ನಾಳದ ಗೋಡೆಗೆ ಸುಣ್ಣ ಕಟ್ಟುತ್ತದೆ. ಆಂಜಿಯೋಗ್ರಾಂನಲ್ಲಿ, ಅಂದರೆ ನಾಳಕ್ಕೆ ಡೈ ಎಂಬ ದ್ರವ ಹಾಕಿ ತೆಗೆಯುವ ಎಕ್ಸ್‌ರೇಯಲ್ಲಿ, ದೊಡ್ಡ ಬ್ಲಾಕ್ ಕಾಣದಿದ್ದರೂ ಹೃದಯದ ಸಣ್ಣ ಸಣ್ಣ ನಾಳಗಳು ಹಿಗ್ಗದೆ ಹೋಗಿರಬಹುದು. ಕುಳಿತಾಗ ಏನೂ ಇಲ್ಲ, ಗುಡ್ಡ ಹತ್ತುವಾಗ ರಕ್ತ ಸಾಲುವುದಿಲ್ಲ. ನೀವು ಬಾಯಾರಿನ ಕಡೆಯವರು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಕಂಡವರು. ಸುರಂಗದ ಬಾಯಿ ತೆರೆದೇ ಇದ್ದರೂ ಒಳಗಿನ ಮುರಕಲ್ಲಿನಲ್ಲಿ ಒಸರು ನಿಂತರೆ ಹೊಂಡ ಒಣಗುತ್ತದೆ, ಅಲ್ವಾ? ಇಂಥ ಹೋಲಿಕೆ ಮನೆ ಹಿಂದೆಯೇ ಇರುವಾಗ ‘ಗಂಗಾಪ್ರವಾಹ’ ಯಾಕೆ?

ಏಳನೇ ಪುಟದಲ್ಲಿ ನಿಮ್ಮ ಮಾವ ಬರುತ್ತಾರೆ. ಎದೆನೋವೆಂದು ತಲಪಾಡಿ ದಾಟಿ ಮಂಗಳೂರಿಗೆ ಹೋದವರು. ಆಂಜಿಯೋಗ್ರಾಂಗೆ ಡೈ ಹಾಕುವ ಮೊದಲು ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆಯೆಂದು ತೋರಿಸುವ ಅಂಶ) ನೋಡಬೇಕೆಂದಾಗ ‘ನನ್ನ ಉಪದ್ರ ಎದೆಯದ್ದು, ಮೂತ್ರದ್ದಲ್ಲ’ ಎಂದು ಜಗಳ ತೆಗೆದವರು. ಅವರಿಂದಲೇ ಶುರು ಮಾಡಿ. ಮೊದಲೇ ಸೋತ ಕಿಡ್ನಿಗೆ ಆ ಡೈ ಇನ್ನಷ್ಟು ಪೆಟ್ಟು ಕೊಡಬಹುದು, ರಕ್ತ ನೋಡುವುದು ಅದಕ್ಕೇ. ಹಾಗಂತ ಓದಿದವರು ಹೆದರಿ ಆಂಜಿಯೋಗ್ರಾಂ ಬೇಡ ಅನ್ನುವ ಹಾಗೂ ಬರೆಯಬೇಡಿ.

‘ದಿನಕ್ಕೆ ಮೂರು ಬೊಂಡ ಕುಡಿದರೆ ಎರಡೂ ಗುಣ’ ಎಂಬ ಪ್ಯಾರಾ ಹೊಡೆದು ಹಾಕಿದ್ದೇನೆ. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಜಾಸ್ತಿ. ಸೋತ ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ತಪ್ಪೀತು. ಇದರಲ್ಲಿ ಮಾತ್ರ ನನ್ನದು ಹಟ.

ಒಂಬತ್ತು ಪುಟವನ್ನು ನಾಲ್ಕಕ್ಕೆ ಇಳಿಸಿ ಕಳಿಸಿ. ಮತ್ತೆ, ಮಾವನ ಒಪ್ಪಿಗೆ ಕೇಳಿದ್ದೀರಲ್ವಾ?

ಇತಿ,
ಸಂಪಾದಕ, ಕಾಸರಗೋಡು