ಸೈಟು ಮಾರುವ ಮುಂಚೆ

ನನ್ನ ಬಳಿ ಆಪ್ತಸಲಹೆಗೆ ಬಂದ ಹುಡುಗಿಯನ್ನು ಇಲ್ಲಿ ರಮ್ಯಾ ಅನ್ನೋಣ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ವಯಸ್ಸು 19, ಬಿಎಸ್‌ಸಿ ಮೊದಲ ವರ್ಷ. ಚಿಕ್ಕಂದಿನಿಂದ ಪೈಲಟ್ ಆಗುವ ಆಸೆ. ಅಪ್ಪ ತುಮಕೂರಿನ ಸೈಟು ಮಾರಿ ತರಬೇತಿಗೆ ದುಡ್ಡು ಕಟ್ಟಲು ಸಿದ್ಧ. ಆದರೆ ಎರಡು ತಿಂಗಳಿಂದ ಮಗಳಿಗೆ ಸರಿಯಾಗಿ ನಿದ್ದೆಯಿಲ್ಲ.

"ನಾನು ಕಲಿತು ಬರೋಷ್ಟರಲ್ಲಿ ವಿಮಾನ ತಾನೇ ಹಾರುತ್ತೆ, ಅಲ್ವಾ ಮೇಡಂ?"

ಸುಮ್ನೆ ಸಮಾಧಾನ ಹೇಳಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಆ ಭಯಕ್ಕೆ ಆಧಾರವಿದೆ. ಹಿಂದೆ ದೂರ ಹಾರುವ ವಿಮಾನಗಳ ಕಾಕ್‌ಪಿಟ್‌ನಲ್ಲಿ ಐದು ಜನ ಇರುತ್ತಿದ್ದರು. ರೇಡಿಯೋ ಆಪರೇಟರ್, ನ್ಯಾವಿಗೇಟರ್, ಫ್ಲೈಟ್ ಎಂಜಿನಿಯರ್ ಒಬ್ಬೊಬ್ಬರಾಗಿ ಇಲ್ಲವಾದರು. 2020ರಲ್ಲಿ ಏರ್‌ಬಸ್ ಕಂಪನಿಯ ಪರೀಕ್ಷಾ ವಿಮಾನ ಕ್ಯಾಮೆರಾ ನೆರವಿನಿಂದ ತಾನೇ ಏರಿ, ತಾನೇ ಇಳಿಯಿತು.

ಇನ್ನೊಂದು ಕಡೆಯನ್ನೂ ಹೇಳಿದೆ. ಪ್ರಯಾಣಿಕರಿದ್ದ ವಿಮಾನವೊಂದು ಲಂಡನ್‌ನಲ್ಲಿ ಆಟೋಮ್ಯಾಟಿಕ್ ಆಗಿ ನೆಲ ಮುಟ್ಟಿದ್ದು 1965ರಲ್ಲೇ. ಇವತ್ತಿಗೂ ಮುಂದೆ ಇಬ್ಬರು ಕೂತಿರುತ್ತಾರೆ. 2009ರಲ್ಲಿ ಏರ್ ಫ್ರಾನ್ಸ್ ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿ, ನಡುಸಾಗರದ ಮೇಲೆ ಆಟೋಪೈಲಟ್ ಕೈಬಿಟ್ಟಿತು. ಪೈಲಟ್‌ಗಳು ಗೊಂದಲಕ್ಕೆ ಬಿದ್ದರು. 228 ಜನ ಸತ್ತರು. ಯಂತ್ರ ಜಾಸ್ತಿಯಾದಷ್ಟೂ, ಅದು ಕೈಕೊಟ್ಟಾಗ ಎಚ್ಚರವಿರುವ ಮನುಷ್ಯನ ಕೆಲಸ ಕಷ್ಟವಾಗುತ್ತದೆ. ಇಬ್ಬರ ಬದಲು ಒಬ್ಬರು ಸಾಕೇ ಎಂಬ ಚರ್ಚೆ ನಿಜವಾಗಿ ನಡೆದಿದೆ. ಈಗಿನ ಕಾಕ್‌ಪಿಟ್‌ನಲ್ಲಿ ಅದು ಅಷ್ಟೇ ಸುರಕ್ಷಿತ ಎನ್ನಲಾಗದು ಎಂದು ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2025ರಲ್ಲಿ ಹೇಳಿತು.

ಅವಳು ಎಲ್ಲ ಕೇಳಿಸಿಕೊಂಡಳು. ಮುಖ ಮಾತ್ರ ಹಗುರಾಗಲಿಲ್ಲ.

ಎರಡನೇ ಸಲ ಒಬ್ಬಳೇ ಬಂದಳು. "ಮೆಡಿಕಲ್‌ನಲ್ಲಿ ಫೇಲಾದ್ರೆ? ಕೆಲಸ ಸಿಗದಿದ್ರೆ? ಅಪ್ಪನ ಹತ್ರ ಇರೋದು ಅದೊಂದೇ ಸೈಟು" ಎಂದು ಅತ್ತಳು. ಇಷ್ಟು ದಿನ ಯಂತ್ರದ ಹೆಸರು ಹೇಳಿ ಈ ಮಾತನ್ನೇ ಮುಚ್ಚಿಟ್ಟಿದ್ದಳು. ಮನೆಯ ದುಡ್ಡು ತನ್ನ ಕನಸಿಗೆ ಹೋಗುತ್ತಿದೆ ಎಂಬ ಭಾರ ಎಷ್ಟೋ ಮಕ್ಕಳ ನಿದ್ದೆ ಕೆಡಿಸುತ್ತದೆ. ಅದನ್ನು ಅಪ್ಪನ ಎದುರು ಹೇಳೋದು ಅವರಿಗೆ ತುಂಬಾ ಕಷ್ಟ.

ಮೂರನೇ ಸಲ ಇಬ್ಬರನ್ನೂ ಕೂರಿಸಿದೆ. ಇಪ್ಪತ್ತು ವರ್ಷದ ನಂತರ ಏನಾಗುತ್ತೆ ಎಂದು ನಾವು ಮೂವರೂ ಹೇಳಲಾರೆವು, ಆದರೆ ಯಾವುದು ಮೊದಲು ಎಂದು ತೀರ್ಮಾನಿಸಬಹುದು ಎಂದೆ. ಮೊದಲು ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಕ್ಲಾಸ್ 2 ಮೆಡಿಕಲ್, ಅಂದರೆ ಪೈಲಟ್ ಆಗುವವರ ಆರೋಗ್ಯ ತಪಾಸಣೆ, ಆಮೇಲೆ ಕ್ಲಾಸ್ 1. ಕಣ್ಣು, ಕಿವಿ, ಹೃದಯದ ವಿಷಯ ಅಲ್ಲೇ ಗೊತ್ತಾಗುತ್ತದೆ. ಜೊತೆಗೆ ಥಿಯರಿ ಪೇಪರ್‌ಗಳನ್ನು ಬರೆಯುವುದು. ಇದಕ್ಕೆಲ್ಲ ಆಗುವ ಖರ್ಚು ಲೈಸೆನ್ಸ್‌ಗೆ ಬೇಕಾದ 200 ಗಂಟೆ ಹಾರಾಟದ ಖರ್ಚಿನ ಮುಂದೆ ತೀರಾ ಚಿಕ್ಕದು. ಡಿಗ್ರಿ ಬಿಡಬಾರದು. ಕ್ಲಾಸ್ 1 ಕೈಗೆ ಬರುವವರೆಗೆ ಸೈಟಿನ ಮಾತು ಬೇಡ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪುಟ್ಟಿ, ಸೈಟು ನಿನಗಿಂತ ದೊಡ್ಡದಲ್ಲ. ಭಯ ಆದ್ರೆ ನನಗೆ ಹೇಳು" ಎಂದರು. ಅವಳು ತಲೆಯಾಡಿಸಿದಳು.

ಈಗ ಏಳು ತಿಂಗಳಾಗಿದೆ. ಕ್ಲಾಸ್ 2 ಆಯಿತು, ಹವಾಮಾನದ ಪೇಪರ್ ಪಾಸಾಯಿತು. ನ್ಯಾವಿಗೇಶನ್ ಬಾಕಿಯಿದೆ. ನಿದ್ದೆ ಪರವಾಗಿಲ್ಲವಂತೆ. ಮುಂದಿನ ತಿಂಗಳು ಕ್ಲಾಸ್ 1ಕ್ಕೆ ಅಪ್ಪನೇ ಜೊತೆಗೆ ಹೋಗುತ್ತಿದ್ದಾರೆ.