ಗೆಕ್ಕೊ ಬೆಳ್ಳಗಾಯ್ತಾ? ಮೊದಲು ಬೆರಳು ನೋಡಿ

ಹಳದಿ ಇದ್ದ ಲೆಪರ್ಡ್ ಗೆಕ್ಕೊ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ಎರಡು ದಿನದಿಂದ ಬೂದಿ ಬಳಿದ ಹಾಗಾಗಿದೆ, ಹುಳು ಕೊಟ್ಟರೂ ಮುಟ್ಟುತ್ತಿಲ್ಲ, ಇದು ಯಾವ ರೋಗ ಅಂತ ಕೇಳಿದ್ದೀರಿ. ನಮ್ಮ ಗೆಕ್ಕೊ ಚುಕ್ಕಿಯೂ ಹೀಗೇ ಆಗಿತ್ತು.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಆಗ ಆಟಿ ತಿಂಗಳು, ಬಿಡದ ಮಳೆ, ಹಗ್ಗಕ್ಕೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ಚಳಿಯಾದರೆ ಗೆಕ್ಕೊ ಬಣ್ಣ ಮಂಕಾಗುತ್ತದೆ ಅಂತ ಗೊತ್ತಿತ್ತು. ಅದಕ್ಕೆ ಗಾಜಿನ ಪೆಟ್ಟಿಗೆಯ ಮೇಲೆ ಹಗಲೂ ರಾತ್ರಿ ಬಲ್ಬು ಉರಿಸಿದೆ. ಒಳಗೆ ಒದ್ದೆ ಪಾಚಿಯ ಡಬ್ಬಿಯೊಂದಿತ್ತು, ಅದನ್ನೂ ತೆಗೆದುಬಿಟ್ಟೆ.

ಆ ಡಬ್ಬಿ ತೆಗೆದದ್ದೇ ತಪ್ಪು. ಹೊರಗೆ ಇಷ್ಟು ಮಳೆ ಇರುವಾಗ ಒಳಗೆ ಬೇರೆ ತೇವ ಯಾಕೆ, ಬೂಸ್ಟು ಹಿಡಿದೀತು ಅಂತ ಲೆಕ್ಕ ಹಾಕಿದ್ದೆ. ಆದರೆ ಬಲ್ಬಿನ ಬಿಸಿಗೆ ಪೆಟ್ಟಿಗೆಯೊಳಗಿನ ಗಾಳಿ ಒಣಗಿಹೋಗಿತ್ತು, ಹೊರಗಿನ ಮಳೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇದು ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಒಣ ನೆಲದ ಪ್ರಾಣಿ, ಒಣಗಿದ್ದರೆ ಒಳ್ಳೆಯದು ಅಂತಲೂ ಅಂದುಕೊಂಡಿದ್ದೆ. ಅಲ್ಲಿ ಅದು ಹಗಲೆಲ್ಲ ಕಲ್ಲಿನಡಿ, ಬಿಲದೊಳಗೆ ಇರುತ್ತದೆ, ಅಲ್ಲಿ ತಂಪೂ ಇರುತ್ತದೆ, ತೇವವೂ ಇರುತ್ತದೆ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಚುಕ್ಕಿ ಬೆಳ್ಳಗಾದದ್ದು ಪೊರೆ ಬಿಡುವುದಕ್ಕೆ. ಮೂರನೇ ದಿನ ಪೊರೆ ಕಳಚಿ ತಿಂದೂ ಬಿಟ್ಟಿತು, ಮೈ ಫಳಫಳ ಹಳದಿ. ನಾನು ಖುಷಿಯಾಗಿ ಸುಮ್ನಾದೆ. ಕಾಲು ನೋಡಲಿಲ್ಲ. ತೇವ ಸಾಲದೆ ಬೆರಳಿನ ತುದಿಯಲ್ಲಿ ಪೊರೆ ನೂಲು ಸುತ್ತಿದ ಹಾಗೆ ಉಳಿದಿತ್ತು, ಮುಂದಿನ ಪೊರೆಯೂ ಅದರ ಮೇಲೇ ಕೂತಿತು. ರಕ್ತ ಹೋಗದೆ ಬೆರಳು ಊದಿತು, ಆಮೇಲೆ ಕಪ್ಪಾಯ್ತು. ಮಂಗಳೂರಿಗೆ ಡಾಕ್ಟರ ಹತ್ತಿರ ಒಯ್ಯುವಷ್ಟರಲ್ಲಿ ಎರಡು ಬೆರಳು ಹೋಗಿತ್ತು. ಬಾಲ ಉದುರಿದರೆ ಮತ್ತೆ ಬರುತ್ತದೆ, ಬೆರಳು ಬರುವುದಿಲ್ಲ.

ಹಾಗಾಗಿ ಇದು ಯಾವ ರೋಗ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೈಯೆಲ್ಲ ಒಂದೇ ಸಮ ಬಿಳಿಚಿದ್ದು, ಬಾಲ ದಪ್ಪಗೇ ಇದ್ದರೆ ಅದು ಹೆಚ್ಚಾಗಿ ಪೊರೆಯೇ. ಆಗ ಕೆಲವು ತಿನ್ನುವುದೂ ಇಲ್ಲ. ಬಾಲ ಸಣ್ಣಗಾಗುತ್ತಿದ್ದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಇವತ್ತೇ ಒಂದು ಮುಚ್ಚಳದ ಡಬ್ಬಿಗೆ ತೂತು ಮಾಡಿ, ಒದ್ದೆ ಪಾಚಿ ಇಲ್ಲವೇ ಟಿಶ್ಯೂ ಹಾಕಿ ಒಳಗಿಡಿ. ಪೊರೆ ಬಿಟ್ಟ ಮೇಲೆ ಟಾರ್ಚ್ ಹಿಡಿದು ಇಪ್ಪತ್ತು ಬೆರಳನ್ನೂ ಒಂದೊಂದಾಗಿ ನೋಡಿ, ಕಣ್ಣಿನ ಅಂಚನ್ನೂ ನೋಡಿ. ಬೆರಳಲ್ಲಿ ಉಳಿದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ, ಪಾದ ಮುಳುಗುವಷ್ಟೇ, ಹದಿನೈದು ನಿಮಿಷ ನಿಲ್ಲಿಸಿ ಒದ್ದೆ ಹತ್ತಿಕಡ್ಡಿಯಿಂದ ಮೆಲ್ಲ ಉಜ್ಜಿ. ಒಣಗಿದ್ದನ್ನು ಯಾವತ್ತೂ ಎಳೆಯಬೇಡಿ, ಕೆಳಗಿನ ಹೊಸ ಚರ್ಮವೂ ಕಿತ್ತು ಬರುತ್ತದೆ. ಒಂದೇ ಸಲಕ್ಕೆ ಬರದಿದ್ದರೆ ನಾಳೆ ಮತ್ತೆ ನೆನೆಸಿ.